ಯುಗಾದಿಗೆ ಮಾವಿನ ತೋರಣ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಕಟ್ಟಿದ ತೋರಣ ಸಂಜೆಯ ಹೊತ್ತಿಗೆ ಸುರುಳಿ ಸುತ್ತಿಕೊಂಡಿದ್ದರೆ ಎಳೆ ಎಲೆ ಕಿತ್ತಿದ್ದೀರಿ ಎಂದರ್ಥ. ಎಲೆಗಳು ಒಂದೊಂದಾಗಿ ರಂಗೋಲಿಯ ಮೇಲೆ ಉದುರುತ್ತಿದ್ದರೆ ಸಿಕ್ಕಿಸಿದ್ದು ಸರಿಯಿಲ್ಲ. ಉಳಿದ ತೊಂದರೆಗಳೆಲ್ಲ ಸಣ್ಣವು. ಹಾಗಾಗಿ ಕೆಳಗೆ ಎಲೆ ಆರಿಸುವ ಮತ್ತು ಸಿಕ್ಕಿಸುವ ವಿಷಯಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಒಂದು ಬಾಗಿಲಿಗೆ ಎಷ್ಟು ಎಲೆ ಬೇಕು? ಹಗ್ಗ ಎಷ್ಟು ಉದ್ದ ಇರಬೇಕು?

ಮೊದಲು ಬಾಗಿಲ ಚೌಕಟ್ಟಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳತೆ ತೆಗೆದುಕೊಳ್ಳಿ. ಮೂರೂವರೆ ಅಡಿ ಅಗಲದ ಮುಂಬಾಗಿಲಾದರೆ ದಾರಂದವೂ ಸೇರಿ ಸುಮಾರು 4 ಅಡಿ, ಅಂದರೆ 48 ಅಂಗುಲ ಬರುತ್ತದೆ. ಬಲಿತ ಮಾವಿನೆಲೆಯ ಅಗಲ ಹೆಚ್ಚುಕಡಿಮೆ ಎರಡೂವರೆ ಅಂಗುಲ. ಪಕ್ಕದ ಎಲೆಯ ಮೇಲೆ ಅರ್ಧ ಅಂಗುಲ ಹತ್ತಿಸಿ ಕಟ್ಟಿದರೆ ಒಂದು ಎಲೆ ಎರಡು ಅಂಗುಲ ಜಾಗ ತುಂಬುತ್ತದೆ. ಆ ಲೆಕ್ಕದಲ್ಲಿ 24 ಎಲೆ. ನಡುವೆ ಒಂದು ದೊಡ್ಡ ಎಲೆ ಬರಲಿ ಎನ್ನುವವರಿಗೆ 25. ಹರಿದದ್ದು, ಗಂಟಾದದ್ದು, ತೊಟ್ಟು ಮುರಿದದ್ದು ಎಂದು ಒಂದಷ್ಟು ಹೋಗಿಯೇ ಹೋಗುತ್ತದೆ, ಆದ್ದರಿಂದ 35 ಎಲೆ ತನ್ನಿ.

ಅರ್ಧ ಅಂಗುಲ ಹತ್ತಿಸುವುದನ್ನು ಬಿಡಬೇಡಿ. ಮಾವಿನೆಲೆ ಒಣಗುವಾಗ ನಡುನರದ ಉದ್ದಕ್ಕೂ ಒಳಕ್ಕೆ ಮಡಚಿಕೊಂಡು ದೋಣಿಯಂತಾಗುತ್ತದೆ, ಅಗಲ ಕಡಿಮೆಯಾಗುತ್ತದೆ. ಕಟ್ಟುವಾಗ ಎಲೆಗೆ ಎಲೆ ತಾಗಿಸಿ ಸುಮ್ಮನಿದ್ದರೆ ಮಾರನೆಯ ದಿನ ನಡುನಡುವೆ ಕಿಂಡಿ ಬಿದ್ದಿರುತ್ತದೆ.

ಹಗ್ಗ 6 ಅಡಿ ಇರಲಿ: ಚೌಕಟ್ಟಿಗೆ 4 ಅಡಿ, ಕಟ್ಟಲು ಮತ್ತು ನಡುವಿನ ಇಳಿಬೀಳಿಗೆ ಎರಡೂ ಕಡೆ ಒಂದೊಂದು ಅಡಿ. ಹೆಚ್ಚಾದದ್ದನ್ನು ಆಮೇಲೆ ಕತ್ತರಿಸಬಹುದು.

11, 21 ಎಂದು ಬೆಸ ಸಂಖ್ಯೆಯಲ್ಲೇ ಕಟ್ಟಬೇಕೇ?

ಕೆಲವು ಮನೆಗಳಲ್ಲಿ ಆ ಪದ್ಧತಿ ಇದೆ, ಇನ್ನು ಕೆಲವರು ಎಣಿಸುವುದೇ ಇಲ್ಲ. ನಿಮ್ಮ ಮನೆಯ ಹಿರಿಯರು ಹೇಳಿದಂತೆ ಮಾಡಿ. ಬೆಸ ಸಂಖ್ಯೆಯಲ್ಲಿ ಒಂದು ಅನುಕೂಲವಂತೂ ಇದೆ: ನಡುವಿನ ಎಲೆಯನ್ನು ಮೊದಲು ಸಿಕ್ಕಿಸಿ ಎರಡೂ ಕಡೆಗೆ ಸಮನಾಗಿ ಹೋಗಬಹುದು.

ಯಾವ ಎಲೆ ಕೀಳಬೇಕು?

ಯುಗಾದಿಯ ಹೊತ್ತಿಗೆ ಮಾವಿನ ಮರದಲ್ಲಿ ಮೂರು ವಯಸ್ಸಿನ ಎಲೆ ಸಿಗುತ್ತವೆ. ಕೊಂಬೆಯ ತುದಿಯಲ್ಲಿ ತಾಮ್ರದ ಬಣ್ಣದ, ಬಟ್ಟೆಯಂತೆ ಜೋಲುವ ಚಿಗುರು. ಅದರ ಹಿಂದೆ ತಿಳಿಹಸಿರಿನ ಅರೆಬಲಿತ ಎಲೆ. ಇನ್ನೂ ಹಿಂದೆ ಕಡುಹಸಿರಿನ ಗಟ್ಟಿ ಎಲೆ. ತೋರಣಕ್ಕೆ ಬೇಕಾದದ್ದು ಈ ಕಡುಹಸಿರಿನದು.

ಚಿಗುರು ನೋಡಲು ಬಹಳ ಚೆಂದ, ಎಲ್ಲರ ಕೈಯೂ ಅದಕ್ಕೇ ಹೋಗುತ್ತದೆ. ಆದರೆ ಎಲೆಯಿಂದ ನೀರು ಆರದಂತೆ ತಡೆಯುವ ಮೇಣದ ಪದರ ಚಿಗುರಿನಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಬಿಸಿಲೇರುತ್ತಿದ್ದಂತೆ ಅದು ಜೋತುಬಿದ್ದು ಕಪ್ಪಾಗುತ್ತದೆ. ಬಲಿತ ಎಲೆಯಲ್ಲಿ ಆ ಪದರ ದಪ್ಪವಾಗಿರುತ್ತದೆ, ಎಲೆಯೂ ತೊಗಲಿನಂತೆ ಗಟ್ಟಿ.

ಪರೀಕ್ಷೆ ಸುಲಭ. ಎಲೆಯ ತೊಟ್ಟು ಹಿಡಿದು ಅಡ್ಡವಾಗಿ ಚಾಚಿ. ತುದಿ ಬಾಗದೆ ನೇರವಾಗಿ ನಿಂತರೆ ಆಗುತ್ತದೆ, ಬಾಗಿದರೆ ಬೇಡ. ಹಳದಿ ತಿರುಗಿದ, ಅಂಚು ಕಂದಾದ ಮುದಿ ಎಲೆಯೂ ಬೇಡ. ಮಡಚುವಾಗ ಅದು ಸೀಳುತ್ತದೆ.

ಒಂದು ಬಾಗಿಲಿಗೆ ಒಂದೇ ಅಳತೆಯ ಎಲೆಗಳಿರಲಿ. ಎಂಟು ಅಂಗುಲ ಉದ್ದದ ಎಲೆಗಳ ನಡುವೆ ಒಂದು ಹನ್ನೆರಡು ಅಂಗುಲದ್ದು ಬಂದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ತೊಟ್ಟು ಕನಿಷ್ಠ ಒಂದು ಅಂಗುಲ ಉಳಿಯುವಂತೆ ಕತ್ತರಿಯಿಂದ ಕತ್ತರಿಸಿ, ಎಳೆದು ಕೀಳಬೇಡಿ. ಎಳೆದರೆ ಎಷ್ಟೋ ಸಲ ತೊಟ್ಟು ಮರದಲ್ಲೇ ಉಳಿದು ಎಲೆ ಮಾತ್ರ ಕೈಗೆ ಬರುತ್ತದೆ. ಹೂವು, ಮಿಡಿ ಇರುವ ಕೊಂಬೆ ಬಿಟ್ಟು ಕೆಳಗಿನ, ಒಳಗಿನ ಬರಿ ಕೊಂಬೆಗಳಿಂದ ಆರಿಸಿ. ಪಕ್ಕದ ಮನೆಯವರ ಮರವಾದರೆ ಕೇಳಿ ಕೀಳಿ ಎಂದು ಬೇರೆ ಹೇಳಬೇಕಿಲ್ಲ ತಾನೆ.

ಎಲೆಯ ಮೇಲೆ ಕಪ್ಪು ಮಸಿ ಕೂತಿದೆ. ಅದು ಧೂಳೇ?

ಬೆಂಗಳೂರಿನ ರಸ್ತೆಬದಿಯ ಮರವಾದರೆ ಧೂಳೂ ಇರುತ್ತದೆ. ಆದರೆ ಕೈಗೆ ಅಂಟಂಟಾಗಿ ಹತ್ತುವ ಮಸಿ ಧೂಳಲ್ಲ, ಬೂಷ್ಟು. ಮಾವು ಹೂ ಬಿಡುವ ಕಾಲದಲ್ಲಿ ಜಿಗಿಹುಳುಗಳು ರಸ ಹೀರಿ ಸಿಹಿಯಾದ ಅಂಟನ್ನು ಎಲೆಗಳ ಮೇಲೆ ಉದುರಿಸುತ್ತವೆ, ಅದರ ಮೇಲೆ ಈ ಕಪ್ಪು ಬೂಷ್ಟು ಬೆಳೆಯುತ್ತದೆ. ಎಲೆಯ ಒಳಕ್ಕೆ ಇಳಿದಿರುವುದಿಲ್ಲ. ಎಲೆಗಳನ್ನು ಹತ್ತು ನಿಮಿಷ ನೀರಲ್ಲಿ ಬಿಟ್ಟು ಒದ್ದೆ ಬಟ್ಟೆಯಿಂದ ಬುಡದಿಂದ ತುದಿಗೆ ಒಂದೇ ದಿಕ್ಕಿನಲ್ಲಿ ಒರೆಸಿದರೆ ಹೋಗುತ್ತದೆ. ಅಡ್ಡಕ್ಕೆ ಉಜ್ಜಿದರೆ ಎಲೆ ಸೀಳುತ್ತದೆ.

ಸಾಸಿವೆ, ಕಡಲೆ ಗಾತ್ರದ ಗಂಟುಗಳು ಎಲೆಯ ಒಳಗೇ ಎದ್ದಿದ್ದರೆ ಅವು ನೊಣದ ಜಾತಿಯ ಸಣ್ಣ ಕೀಟದ ಕೆಲಸ. ಒರೆಸಿದರೆ ಹೋಗುವುದಿಲ್ಲ, ಅಂಥ ಎಲೆ ಪಕ್ಕಕ್ಕಿಡಿ.

ತೋಟದ ಮರವಾದರೆ ಇನ್ನೊಂದು ವಿಷಯ. ಶ್ರೀನಿವಾಸಪುರ, ರಾಮನಗರದ ಕಡೆಯ ಮಾವಿನ ತೋಟಗಳಲ್ಲಿ ಹೂವು, ಮಿಡಿಯ ಕಾಲದಲ್ಲಿ ಔಷಧಿ ಹೊಡೆಯುವುದು ವಾಡಿಕೆ. ಯಾವಾಗ ಹೊಡೆದದ್ದು ಎಂದು ತೋಟದವರನ್ನು ಕೇಳಿ. ಹೇಗಿದ್ದರೂ ತೊಳೆದೇ ಬಳಸಿ, ಅದೇ ಎಲೆಯನ್ನು ಕಳಶಕ್ಕೂ ಇಡುತ್ತೀರಲ್ಲ.

ಎಲೆ ಕಿತ್ತ ಮೇಲೆ ಕೈ ತುರಿಸುತ್ತದೆ, ಏಕೆ?

ಸೊನೆಯಿಂದ. ಮಾವು ಗೇರಿನ ಕುಟುಂಬದ್ದೇ ಮರ, ಅದರ ಸೊನೆ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಕತ್ತರಿಸಿದ ಎಲೆಗಳನ್ನು ತೊಟ್ಟು ಕೆಳಗಾಗಿ ಹದಿನೈದು ನಿಮಿಷ ಇಟ್ಟರೆ ಸೊನೆ ಸೋರಿ ನಿಲ್ಲುತ್ತದೆ, ಆಮೇಲೆ ತೊಳೆಯಿರಿ. ಕೈಗೆ ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಂಡರೆ ಸೊನೆ ಸುಲಭವಾಗಿ ಬಿಡುತ್ತದೆ. ಸೊನೆಯ ಕೈಯಲ್ಲಿ ಕಣ್ಣು ಮುಟ್ಟಬೇಡಿ. ಗುಳ್ಳೆ ಏಳುವಷ್ಟು ಅಲರ್ಜಿ ಇದ್ದವರು ಈ ಕೆಲಸ ಬೇರೆಯವರಿಗೆ ಬಿಡುವುದು ಒಳ್ಳೆಯದು.

ಕೊಂಬೆಯಲ್ಲಿ ಎಲೆಗಳು ಒಂದಕ್ಕೊಂದು ಅಂಟಿ ಉಂಡೆಯಾಗಿದ್ದರೆ ಅದು ಕೆಂಜಿಗದ ಗೂಡು, ಮಲೆನಾಡಿನಲ್ಲಿ ಚಗಳಿ ಎನ್ನುತ್ತಾರೆ. ಆ ಕೊಂಬೆಯ ತಂಟೆಗೇ ಹೋಗಬೇಡಿ.

ಹಿಂದಿನ ದಿನವೇ ತಂದಿಟ್ಟರೆ ಬಾಡುವುದಿಲ್ಲವೇ?

ಸರಿಯಾಗಿ ಇಟ್ಟರೆ ಇಲ್ಲ. ಅಮಾವಾಸ್ಯೆಯ ಸಂಜೆ ಮಲ್ಲೇಶ್ವರದಲ್ಲೋ ಗಾಂಧಿ ಬಜಾರಿನಲ್ಲೋ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲೋ ಕೊಳ್ಳುವ ಕಟ್ಟು ಆಗಲೇ ಅರ್ಧ ದಿನ ಬಿಸಿಲು ಕಂಡಿರುತ್ತದೆ. ಮನೆಗೆ ತಂದ ತಕ್ಷಣ ಕಟ್ಟು ಬಿಚ್ಚಿ. ಒಳಗಿನ ಎಲೆಗಳು ಕಾವಿಗೆ ಬೆಂದಂತಾಗಿದ್ದರೆ ತೆಗೆದುಹಾಕಿ. ಉಳಿದದ್ದನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ಪೂರ್ತಿ ಮುಳುಗಿಸಿ, ನೀರು ಝಾಡಿಸಿ, ಒದ್ದೆ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ನೆಲದ ಮೇಲೆ ತಂಪಾದ ಮೂಲೆಯಲ್ಲಿಡಿ. ಫ್ರಿಜ್ಜಿನ ತರಕಾರಿ ಡಬ್ಬದಲ್ಲೂ ಇಡಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟರೆ ಮಾತ್ರ ಬೆಳಿಗ್ಗೆ ಕಪ್ಪು ಚುಕ್ಕೆ ನೋಡಬೇಕಾಗುತ್ತದೆ.

ಹೊಳಪು ಬರಲೆಂದು ಎಲೆಗೆ ಎಣ್ಣೆ ಸವರುವವರಿದ್ದಾರೆ. ಒಂದು ಗಂಟೆ ಹೊಳೆಯುತ್ತದೆ, ಆಮೇಲೆ ಬೀದಿಯ ಧೂಳೆಲ್ಲ ಅದರ ಮೇಲೆ. ಬೇಡ.

ಯಾವ ಹಗ್ಗ ಒಳ್ಳೆಯದು?

ಎರಡು ಎಳೆಯ ತೆಂಗಿನ ನಾರಿನ ಹಗ್ಗ, ಪೆನ್ಸಿಲಿನಷ್ಟು ದಪ್ಪದ್ದು. ಅದರ ಒರಟುತನವೇ ಎಲೆಯನ್ನು ಹಿಡಿದಿಡುತ್ತದೆ. ಸೆಣಬಿನ ಸುತಳಿ ಎರಡನೆಯ ಆಯ್ಕೆ, ತೆಳುವಾದ್ದರಿಂದ ಜೋಡಿ ಮಾಡಿ ಹುರಿ ಹಾಕಿಕೊಳ್ಳಿ. ನೈಲಾನ್ ದಾರ ನುಣುಪು: ಗಾಳಿ ಬಂದರೆ ಎಲೆಗಳೆಲ್ಲ ಜಾರಿ ನಡುವಿಗೆ ಬಂದು ಗುಂಪಾಗುತ್ತವೆ.

ಎಲೆ ಸಿಕ್ಕಿಸುವ ಸರಿಯಾದ ಕ್ರಮ ಯಾವುದು?

ಎರಡು ಕ್ರಮಗಳಿವೆ. ಬೇಗ ಆಗಬೇಕೆಂದರೆ ಹುರಿಗೆ ಸಿಕ್ಕಿಸುವುದು, ಬಹಳ ದಿನ ನಿಲ್ಲಬೇಕೆಂದರೆ ಕಡ್ಡಿ ಚುಚ್ಚುವುದು.

ಹುರಿಗೆ ಸಿಕ್ಕಿಸುವುದು ಹೀಗೆ. ನಾರಿನ ಹಗ್ಗದ ಎರಡು ತುದಿಯನ್ನು ಕಿಟಕಿಯ ಸರಳಿಗೋ ಎರಡು ಕುರ್ಚಿಗೋ ಬಿಗಿಯಾಗಿ ಕಟ್ಟಿ. ಹಗ್ಗವನ್ನು ಎರಡು ಬೆರಳಲ್ಲಿ ಹಿಡಿದು ಹುರಿಯ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಎಳೆಗಳ ನಡುವೆ ಕಂಡಿ ತೆರೆಯುತ್ತದೆ. ಅದರೊಳಗೆ ತೊಟ್ಟನ್ನು ಹಿಂದಿನಿಂದ ಮುಂದಕ್ಕೆ ತೂರಿಸಿ, ಎಲೆಯ ಬುಡ ಹಗ್ಗಕ್ಕೆ ತಾಗುವವರೆಗೆ ಎಳೆದು ಕೈಬಿಡಿ. ಹುರಿ ತಾನಾಗಿಯೇ ಬಿಗಿಯುತ್ತದೆ. 25 ಎಲೆಗೆ ಹತ್ತು ನಿಮಿಷ ಸಾಕು. ದೋಷ ಒಂದೇ: ತೊಟ್ಟು ಒಣಗಿ ಸಣ್ಣಗಾದ ಮೇಲೆ ಹಿಡಿತ ಸಡಿಲವಾಗಿ ಎಲೆ ಜಾರುತ್ತದೆ. ಹಬ್ಬದ ದಿನಕ್ಕಂತೂ ಚಿಂತೆಯಿಲ್ಲ.

ಕಡ್ಡಿ ಚುಚ್ಚುವುದಕ್ಕೆ ತೆಂಗಿನ ಗರಿಯ ಕಡ್ಡಿ ಬೇಕು. ಹಸಿ ಗರಿಯಿಂದ ಸೀಳಿದ್ದಾದರೆ ಉತ್ತಮ. ಒಣ ಕಡ್ಡಿಯೇ ಇದ್ದರೆ ಹತ್ತು ನಿಮಿಷ ನೀರಲ್ಲಿ ನೆನೆಸಿ, ಇಲ್ಲದಿದ್ದರೆ ಚುಚ್ಚುವಾಗಲೇ ಮುರಿಯುತ್ತದೆ. (ಗುಡಿಸಿದ ಪೊರಕೆಯ ಕಡ್ಡಿ ಕಿತ್ತು ಬಾಗಿಲಿಗೆ ಏರಿಸಬೇಡಿ, ಅಜ್ಜಿಯ ಕಣ್ಣಿಗೆ ಬಿದ್ದರೆ ಹಬ್ಬದ ದಿನವೇ ಬೈಗುಳ.) ಒಂದೂವರೆ ಅಂಗುಲದ ತುಂಡುಗಳಾಗಿ ಓರೆಯಾಗಿ ಕತ್ತರಿಸಿದರೆ ತುದಿ ಚೂಪಾಗಿರುತ್ತದೆ.

ಎಲೆಯ ಹೊಳೆಯುವ ಮೈ ನಿಮ್ಮ ಕಡೆ, ತುದಿ ಕೆಳಗೆ ಬರುವಂತೆ ಹಿಡಿಯಿರಿ. ತೊಟ್ಟಿನ ಕಡೆಯಿಂದ ಒಂದೂವರೆ ಅಂಗುಲದಷ್ಟು ಎಲೆಯನ್ನು ಹಗ್ಗದ ಮೇಲಿಂದ ಹಿಂದಕ್ಕೆ ಮಡಚಿ. ಈಗ ಹಗ್ಗದ ಕೆಳಗೆ ಎಲೆಯ ಎರಡು ಪದರಗಳಿವೆ. ಹಗ್ಗದಿಂದ ಅರ್ಧ ಅಂಗುಲ ಕೆಳಗೆ, ನಡುನರದ ಎಡಕ್ಕೆ ಕಡ್ಡಿಯನ್ನು ಎರಡೂ ಪದರ ದಾಟುವಂತೆ ಹಿಂದಕ್ಕೆ ಚುಚ್ಚಿ, ನರದ ಬಲಕ್ಕೆ ಮುಂದಕ್ಕೆ ಹೊರತೆಗೆಯಿರಿ, ಮುತ್ತುಗದ ಊಟದೆಲೆ ಹಚ್ಚುವ ಹಾಗೆ. ನರದ ಮೇಲೇ ಚುಚ್ಚಬಾರದು. ಅಲ್ಲಿ ಚುಚ್ಚಿದರೆ ಎಲೆ ಉದ್ದಕ್ಕೆ ಸೀಳುತ್ತದೆ. ನರದ ಆಚೆ ಈಚೆ ಚುಚ್ಚಿದಾಗ ಎಲೆಯ ಭಾರ ಗಟ್ಟಿಯಾದ ನರದ ಮೇಲೆಯೇ ಬೀಳುತ್ತದೆ, ಒಣಗಿದ ಮೇಲೂ ಕಳಚುವುದಿಲ್ಲ. ಮಡಚುವಾಗ ಬುಡದ ದಪ್ಪ ನರ ಚಟ್ ಎಂದರೆ ಎಲೆ ಬಹಳ ಬಲಿತಿದೆ ಎಂದು ತಿಳಿಯಿರಿ. ಅಂಥದ್ದನ್ನು ಹುರಿಗೆ ಸಿಕ್ಕಿಸಲು ಬಳಸಿ.

ಕೈ ಪಳಗದವರಿಗೆ 25 ಎಲೆಗೆ ಮುಕ್ಕಾಲು ಗಂಟೆ ಹಿಡಿಯಬಹುದು.

ಸ್ಟೇಪ್ಲರ್ ಹೊಡೆದರೆ ಆಗದೇ?

ಆಗುತ್ತದೆ, ಬಹಳ ಜನ ಅದನ್ನೇ ಮಾಡುತ್ತಾರೆ. ಆದರೆ ಪಿನ್ನು ತೆಳು, ಎಲೆ ಒಣಗಿ ಬಿರುಸಾದಾಗ ಅದೇ ಜಾಗದಲ್ಲಿ ಹರಿಯುತ್ತದೆ. ಉದುರಿದ ಪಿನ್ನು ಹೊಸ್ತಿಲ ಬಳಿ ಬರಿಗಾಲಿಗೆ ಚುಚ್ಚುತ್ತದೆ, ಗೊಬ್ಬರದ ಗುಂಡಿಗೂ ಸೇರುತ್ತದೆ. ಕಡ್ಡಿ ಸಿಗುವ ಊರಿನಲ್ಲಿ ಸ್ಟೇಪ್ಲರ್ ಏಕೆ ಬೇಕು?

ಬೇವನ್ನು ಎಲ್ಲಿ ಸೇರಿಸಬೇಕು?

ಆರೇಳು ಅಂಗುಲದ ಬೇವಿನ ಎಸಳುಗಳನ್ನು ಎರಡು ಮೂರು ಸೇರಿಸಿ ಬುಡ ಕಟ್ಟಿ, ಐದಾರು ಮಾವಿನೆಲೆಗೆ ಒಂದರಂತೆ ಇಳಿಬಿಡಿ. ಎರಡು ಮೂಲೆಗಳಲ್ಲಿ ದೊಡ್ಡ ಗೊಂಚಲು ಕಟ್ಟಬಹುದು. ಬೇವು ಮಾವಿನಷ್ಟು ತಾಳುವುದಿಲ್ಲ, ಅದರ ಸಣ್ಣ ಎಲೆಗಳು ಮಾರನೆಯ ದಿನವೇ ಉದುರಲು ಶುರುವಾಗುತ್ತವೆ. ಆದ್ದರಿಂದ ಬೇವನ್ನು ಬೆಳಿಗ್ಗೆ, ಕಡೆಯಲ್ಲಿ ಸೇರಿಸಿ. ಕಳಚಿ ತೆಗೆಯಲು ಬರುವಂತೆ ಸಡಿಲ ಗಂಟು ಹಾಕಿದರೆ ಎರಡನೆಯ ದಿನ ಬೇವನ್ನಷ್ಟೇ ತೆಗೆದುಬಿಡಬಹುದು. ಹೂ ಬಿಟ್ಟ ಎಸಳು ಸಿಕ್ಕರೆ ಹೂವನ್ನು ಬೇವುಬೆಲ್ಲಕ್ಕೆ ಎತ್ತಿಟ್ಟುಕೊಳ್ಳಿ.

ಚೆಂಡು ಹೂವಿನ ಸಾಲು ಜೊತೆಗೆ ಕಟ್ಟಬಹುದೇ?

ಧಾರಾಳವಾಗಿ, ಆದರೆ ಬೇರೆ ದಾರದಲ್ಲಿ. ನೀರು ಚಿಮುಕಿಸಿದ ಚೆಂಡು ಹೂವಿನ ಹಾರ ಎಲೆಗಿಂತ ಬಹಳ ಭಾರ. ಒಂದೇ ಹಗ್ಗಕ್ಕೆ ಹಾಕಿದರೆ ನಡು ಜೋತುಬೀಳುತ್ತದೆ. ಎಲೆಯ ಹಗ್ಗದ ಮೇಲೆ ಹೂವಿನ ಹಾರವನ್ನು ಪ್ರತ್ಯೇಕವಾಗಿ ಕಟ್ಟಿದರೆ ಬಾಡಿದಾಗ ತೆಗೆಯುವುದೂ ಸುಲಭ.

ಬಾಡಿಗೆ ಮನೆ, ಮೊಳೆ ಹೊಡೆಯುವಂತಿಲ್ಲ. ಏನು ಮಾಡಲಿ?

ಅಂಟುವ ಕೊಕ್ಕೆಗಳನ್ನು ದಾರಂದದ ಮೇಲೆ ಹಚ್ಚಿ. ಸುಣ್ಣ ಬಳಿದ ಗೋಡೆಯ ಮೇಲೆ ಅದು ನಿಲ್ಲದು, ಸುಣ್ಣದ ಪುಡಿಯ ಸಮೇತ ಕಿತ್ತು ಬರುತ್ತದೆ. ಮರಕ್ಕೆ ಪಾಲಿಶ್ ಇದ್ದರೆ ಸ್ಪಿರಿಟ್ಟಿನಿಂದ ಒರೆಸಿ, ಒಣಗಿದ ಮೇಲೆ ಕೊಕ್ಕೆ ಅಂಟಿಸಿ, ಒಂದು ರಾತ್ರಿ ಭಾರ ಹಾಕದೆ ಬಿಡಿ. ಹಬ್ಬದ ಬೆಳಿಗ್ಗೆ ಅಂಟಿಸಿ ತಕ್ಷಣ ಕಟ್ಟಿದರೆ ಬೀಳುವ ಸಾಧ್ಯತೆಯೇ ಹೆಚ್ಚು. ಕಬ್ಬಿಣದ ಗ್ರಿಲ್ ಬಾಗಿಲಿದ್ದರೆ ಕೊಕ್ಕೆಯೇ ಬೇಕಿಲ್ಲ, ಅದರ ಮೇಲಿನ ಕದಲದ ಸರಳಿಗೆ ಕಟ್ಟಿ. ಕದಕ್ಕೇ ಕಟ್ಟಿದರೆ ತೆರೆದು ಮುಚ್ಚುವಾಗ ಎಲೆ ಸಿಕ್ಕಿಕೊಂಡು ಹರಿಯುತ್ತದೆ.

ಎತ್ತರದವರ ತಲೆಗೆ ತಾಗುತ್ತಿದೆ.

ಲೆಕ್ಕ ನೋಡಿ. ಬಾಗಿಲ ಎತ್ತರ 7 ಅಡಿ, ಅಂದರೆ 84 ಅಂಗುಲ. ಚೌಕಟ್ಟಿನ ಒಳ ಅಂಚಿಗೆ ಕಟ್ಟಿದರೆ ನಡುವಿನ ಇಳಿಬೀಳು 3 ಅಂಗುಲ, ಎಲೆ 8 ಅಂಗುಲ, ಉಳಿಯುವುದು 73 ಅಂಗುಲ. ಆರಡಿ ಎತ್ತರದವರಿಗೆ ಒಂದು ಅಂಗುಲವಷ್ಟೇ ಬಿಡುವು, ಚಪ್ಪಲಿ ಹಾಕಿದರೆ ಅದೂ ಇಲ್ಲ. ಚೌಕಟ್ಟಿನ ಮೇಲಿನ ಅಂಚಿಗೆ ಕಟ್ಟಿ, ನಾಲ್ಕು ಅಂಗುಲ ಸಿಗುತ್ತದೆ. ನಡುವೆ ಮೂರನೆಯ ಕೊಕ್ಕೆ ಹಾಕಿದರೆ ಇಳಿಬೀಳೂ ಇರುವುದಿಲ್ಲ.

ಎಷ್ಟು ದಿನ ಹಸಿರಾಗಿರುತ್ತದೆ? ನೀರು ಚಿಮುಕಿಸಿದರೆ ಹೆಚ್ಚು ದಿನ ಬರುವುದೇ?

ನೆರಳಿನ ಬಾಗಿಲಲ್ಲಿ ಬಲಿತ ಎಲೆ ಎರಡು ಮೂರು ದಿನ ಹಸಿರಾಗಿರುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲಿಗೆ ಮಧ್ಯಾಹ್ನದ ಬಿಸಿಲು ನೇರ ಬೀಳುವುದರಿಂದ ಒಂದೇ ದಿನ. ಹಬ್ಬ ಬರುವ ತಿಂಗಳೂ ಲೆಕ್ಕಕ್ಕೆ ಬರುತ್ತದೆ: 2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ. ಏಪ್ರಿಲಿನ ಬಯಲುಸೀಮೆಯ ಬಿಸಿಲಿನಲ್ಲಿ ತೋರಣ ಬೇಗ ಒಣಗುತ್ತದೆ. ತುಳುನಾಡಿನಲ್ಲಿ ಏಪ್ರಿಲ್ ನಡುವೆ ಬರುವ ಬಿಸುವಿಗೆ ಕಟ್ಟುವವರಿಗೆ ಗಾಳಿಯ ತೇವ ಸ್ವಲ್ಪ ನೆರವಾಗುತ್ತದೆ.

ನೀರು ಚಿಮುಕಿಸುವುದರಿಂದ ದೊಡ್ಡ ಲಾಭವಿಲ್ಲ. ನೀರನ್ನು ಹೊರಗೆ ಬಿಡದ ಮೇಣದ ಪದರ ಒಳಗೂ ಬಿಡುವುದಿಲ್ಲ. ಹಗ್ಗದಿಂದ ತೊಟ್ಟಿಕ್ಕಿ ರಂಗೋಲಿ ಮಾತ್ರ ಕೆಡುತ್ತದೆ.

ತೋರಣದ ಎಲೆಗಳು ಆಮ್ಲಜನಕ ಕೊಡುತ್ತವೆ ಎನ್ನುತ್ತಾರಲ್ಲ?

ವಾಟ್ಸಾಪಿನಲ್ಲಿ ಪ್ರತಿ ಯುಗಾದಿಗೂ ಬರುವ ಮಾತು. ಕಿತ್ತ ಎಲೆಗೆ ಬೇರಿನಿಂದ ನೀರು ಬರುವುದಿಲ್ಲ, ಅದು ಬೇಗನೆ ತನ್ನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. 25 ಎಲೆಗಳಿಂದ ಮನೆಯ ಗಾಳಿಯಲ್ಲಿ ಗಮನಕ್ಕೆ ಬರುವಂಥ ಬದಲಾವಣೆ ಏನೂ ಆಗದು. ಮಾವು ವಸಂತದ ಮರ, ಅದರ ಹೂವು ಮನ್ಮಥನ ಐದು ಬಾಣಗಳಲ್ಲಿ ಒಂದು. ಬಾಗಿಲಿಗೆ ಕಟ್ಟಲು ಅಷ್ಟು ಕಾರಣ ಸಾಲದೇ?

ಮಾವಿನೆಲೆ ಸಿಗದಿದ್ದರೆ?

ಕಾಂಪೌಂಡಿನ ಬದಿಗೆ ಸಾಲಾಗಿ ನೆಡುವ, ಕಂಬದಂತೆ ಬೆಳೆಯುವ ಅಶೋಕದ ಎಲೆ ಆಗುತ್ತದೆ. ಅಂಚು ಅಲೆಅಲೆಯಾಗಿ ಚೆಂದ, ಆದರೆ ಕಿರಿದಾದ್ದರಿಂದ ಹೆಚ್ಚು ಎಲೆ ಬೇಕು. ಕಣಗಿಲೆಯ ಎಲೆ ಬೇಡ, ಅದು ವಿಷ. ಮಕ್ಕಳು, ದನಕರು ಬಾಯಿ ಹಾಕುವ ಎತ್ತರಕ್ಕೆ ಬಿದ್ದರೆ ಅಪಾಯ.

ವಿದೇಶದಲ್ಲಿದ್ದೇವೆ. ಊರಿನಿಂದ ಎಲೆ ತರಬಹುದೇ?

ಬೇಡ. ಐರೋಪ್ಯ ಒಕ್ಕೂಟದ ದೇಶಗಳಿಗೆ 2019ರ ಡಿಸೆಂಬರ್ 14ರಿಂದ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಹಸಿ ಎಲೆ ಒಯ್ಯುವಂತಿಲ್ಲ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಸಸ್ಯದ ಯಾವುದೇ ಭಾಗವಿದ್ದರೂ ವಿಮಾನ ನಿಲ್ದಾಣದಲ್ಲಿ ಹೇಳಲೇಬೇಕು. ಹೇಳದೆ ಸಿಕ್ಕಿಬಿದ್ದರೆ ದಂಡ.

ಅಲ್ಲಿನವರೇ ವಸಂತಕ್ಕೆ ಬಾಗಿಲಿಗೆ ಕೊಂಬೆಗಳ ಬಳೆ ಕಟ್ಟುತ್ತಾರೆ. ಅದನ್ನೇ ಯುಗಾದಿಗೂ ಕಟ್ಟಬಹುದು. ಚಳಿಗಾಲದ ಕೊನೆಗೆ, ಚಿಗುರುವ ಮೊದಲು ಕತ್ತರಿಸಿದ ವಿಲೋ ಕಡ್ಡಿಗಳು ಹನ್ನೆರಡು ಬೇಕು, ಬುಡದಲ್ಲಿ 5 ಮಿಲಿಮೀಟರ್ ದಪ್ಪ, ಮೂರೂವರೆ ಅಡಿ ಉದ್ದ. ಮೂರನ್ನು ಒಟ್ಟಿಗೆ ಹಿಡಿದು 12 ಅಂಗುಲ ಅಡ್ಡಳತೆಯ ಬಳೆಯಾಗಿ ಬಾಗಿಸಿ ತುದಿಗಳನ್ನು ಒಳಕ್ಕೆ ಹೆಣೆಯಿರಿ. ಉಳಿದವನ್ನು ಒಂದೊಂದಾಗಿ ಬಳೆಗೆ ಸುತ್ತುತ್ತ ಹೋಗಿ. ಪ್ರತಿಯೊಂದರ ದಪ್ಪ ಬುಡ ಬೇರೆ ಬೇರೆ ಜಾಗದಿಂದ ಶುರುವಾಗಲಿ. ಎಲ್ಲ ಬುಡಗಳೂ ಒಂದೇ ಕಡೆ ಬಂದರೆ ಅಲ್ಲಿ ಉಬ್ಬಿ, ಎದುರು ಭಾಗ ಚಪ್ಪಟೆಯಾಗಿ ಬಳೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಬಾಗಿಸುವ ಮೊದಲು ಕಡ್ಡಿಯನ್ನು ಹೆಬ್ಬೆರಳ ಮೇಲೆ ನಿಧಾನವಾಗಿ ಎಳೆದು ಪಳಗಿಸಿದರೆ ಮುರಿಯುವುದಿಲ್ಲ. ಅಂಗಡಿಯ ಒಣ ವಿಲೋ ಆದರೆ, ಸಿಪ್ಪೆ ಇದ್ದದ್ದನ್ನು ಒಂದು ಅಡಿ ಉದ್ದಕ್ಕೆ ಒಂದು ದಿನದ ಲೆಕ್ಕದಲ್ಲಿ ನೀರಲ್ಲಿ ನೆನೆಸಬೇಕು.

ಮಾವಿನ ಬದಲಿಗೆ ಬೇ ಲಾರೆಲ್ ಅಥವಾ ಮ್ಯಾಗ್ನೋಲಿಯಾ ಎಲೆಗಳನ್ನು ಮೂರರ ಗೊಂಚಲು ಮಾಡಿ ತೆಳು ತಂತಿಯಿಂದ ಕಟ್ಟಿ. ಹಳದಿ ಹೂವಿನ ಫೋರ್ಸಿಥಿಯಾ ಕಡ್ಡಿಗಳು ಮಾರ್ಚ್, ಏಪ್ರಿಲಿನಲ್ಲೇ ಅರಳುತ್ತವೆ, ಚೆಂಡು ಹೂವಿನ ಜಾಗ ತುಂಬುತ್ತವೆ. ಚೆರ್ರಿ ಲಾರೆಲ್ ಎಲೆ ನೋಡಲು ಬಹುಪಾಲು ಬೇ ಲಾರೆಲ್ಲಿನ ಹಾಗೇ ಇದ್ದರೂ ವಿಷಕಾರಿ, ಮಕ್ಕಳಿರುವ ಮನೆಗೆ ಬೇಡ. ಮುಂಬಾಗಿಲ ಹೊರಗೆ ಇನ್ನೊಂದು ಗಾಜಿನ ಬಾಗಿಲಿದ್ದರೆ ಬಳೆಯನ್ನು ಎರಡರ ನಡುವೆ ತೂಗುಹಾಕಬೇಡಿ. ಬಿಸಿಲು ಬಿದ್ದಾಗ ಅಲ್ಲಿ ಕಾವು ತುಂಬಿ ಎಲೆಗಳು ಬೇಯುತ್ತವೆ.

ಒಣಗಿದ ತೋರಣವನ್ನು ಯಾವಾಗ ತೆಗೆಯಬೇಕು?

ಮುಂದಿನ ಹಬ್ಬದವರೆಗೂ ಬಿಡುವ ಮನೆಗಳೇ ಹೆಚ್ಚು. ಬಿಡಬಹುದು, ಆದರೆ ಜೇಡ ಬಲೆ ಕಟ್ಟಿದರೆ, ಎಲೆ ಪುಡಿಯಾಗಿ ಉದುರತೊಡಗಿದರೆ ತೆಗೆಯಿರಿ. ಬಾಗಿಲ ಪಕ್ಕದ ಗೂಡಿನಲ್ಲಿ ದೀಪ ಹಚ್ಚುವವರು, ಸೀರಿಯಲ್ ಲೈಟ್ ಎಳೆಯುವವರು ಅದಕ್ಕೆ ಮೊದಲೇ ತೆಗೆಯಬೇಕು, ಒಣ ಮಾವಿನೆಲೆಗೆ ಬೆಂಕಿ ಬೇಗ ಹತ್ತುತ್ತದೆ. ಎಲೆಗಳನ್ನು ಕೈಯಲ್ಲಿ ಪುಡಿ ಮಾಡಿ ಗೊಬ್ಬರಕ್ಕೆ ಹಾಕಿ. ಇಡೀ ಎಲೆ ಹಾಕಿದರೆ ಕೊಳೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ನಾರಿನ ಹಗ್ಗ ಗಟ್ಟಿಯಿದ್ದರೆ ಬಿಸಿಲಿಗೆ ಒಣಗಿಸಿ ಎತ್ತಿಡಿ, ಗಣೇಶನ ಹಬ್ಬಕ್ಕೆ ಮತ್ತೆ ಬೇಕಾಗುತ್ತದೆ.